ಬಂಡೆಗೆ ಬಡಿದು ಬಂದ ಕರೆ

ಹೊಂಗಡಹಳ್ಳ
15 ಜುಲೈ 2025

ನೇತ್ರಾವತಿ ಅಕ್ಕನವರಿಗೆ ಸಿದ್ದು ಮಾಡುವ ನಮಸ್ಕಾರಗಳು.

ಮಾವನವರು ಆಸ್ಪತ್ರೆಯಲ್ಲಿ ಮಲಗಿರುವಾಗ ಇಂಥ ಸುದ್ದಿ ಬರೆಯಬಾರದು, ಆದರೆ ಬೇರೆ ದಾರಿ ಕಾಣದೆ ಬರೆಯುತ್ತಿದ್ದೇನೆ. ನಿಮ್ಮ ತಂಗಿ ಪುಷ್ಪಾ ನಿನ್ನೆ ಬೆಳಿಗ್ಗೆ ಹೋದವಳು ಮನೆಗೆ ಬಂದಿಲ್ಲ. ಅವಳ ಆಶಾ ಕೆಲಸ ನಿಮಗೆ ಗೊತ್ತೇ ಇದೆ. ನಾನು ಜೀಪಿನಲ್ಲಿ ಆಳುಗಳನ್ನು ತೋಟಕ್ಕೆ ಬಿಡಲು ಹೊರಟ ಮೇಲೆ, ಎಸ್ಟೇಟಿನ ಆಳುಗಳಿರುವ ಲೈನ್ ಮನೆಗಳಲ್ಲಿ ಒಬ್ಬ ಬಾಣಂತಿಯನ್ನು ನೋಡಿ ಬರುತ್ತೇನೆ ಎಂದು ಅವ್ವನಿಗೆ ಹೇಳಿ ಹೋದಳಂತೆ. ಆ ಮನೆಯವರು ಮಧ್ಯಾಹ್ನ ಊಟ ಮಾಡಿಸಿ ಕಳಿಸಿದೆವು ಎನ್ನುತ್ತಾರೆ. ಅಲ್ಲಿಂದ ಮುಂದೆ ಕಂಡವರಿಲ್ಲ.

ಎಲ್ಲ ಕಡೆ ಹುಡುಕಿದ್ದೇವೆ. ಠಾಣೆಗೆ ದೂರು ಕೊಟ್ಟಿದ್ದೇನೆ. ಗಾಳಿಗೆ ಕರೆಂಟಿನ ಕಂಬಗಳು ಬಿದ್ದು ಊರಿನ ಟವರು ಕೆಟ್ಟು ಕೂತಿದೆ, ಫೋನು ಯಾರದ್ದೂ ನಡೆಯುತ್ತಿಲ್ಲ. ಈ ಕಾಗದವನ್ನು ಸಕಲೇಶಪುರದ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೇನೆ. ಅವರು ಹಾಸನದ ಬಸ್ಸಿಗೆ ದಾಟಿಸುತ್ತಾರೆ, ಉತ್ತರವನ್ನೂ ಹಾಗೆಯೇ ಕಳಿಸಿ.

ಒಂದು ಮಾತು. ಅವಳು ನಿಮ್ಮಲ್ಲಿಗೆ ಬಂದಿದ್ದರೆ ನನ್ನಿಂದ ಮುಚ್ಚಿಡಬೇಡಿ.

ಇಂತಿ,
ಸಿದ್ದು


ಹಾಸನ
15 ಜುಲೈ, ಸಂಜೆ

ಸಿದ್ದು,

ಇಲ್ಲಿಗೆ ಬಂದಿಲ್ಲಪ್ಪ. ಬಂದಿದ್ದರೆ ನಿನ್ನಿಂದ ಯಾಕೆ ಮುಚ್ಚಿಡಲಿ? ನಿನ್ನ ಆ ಕೊನೆಯ ಸಾಲನ್ನು ಎರಡೆರಡು ಸಲ ಓದಿದೆ.

ನಾನು ಈಗಲೇ ಹೊರಟು ಬರಬೇಕಿತ್ತು. ಅಪ್ಪನಿಗೆ ಎದೆಯ ಆಪರೇಷನ್ ಆಗಿ ಇನ್ನೂ ಐಸಿಯುನಲ್ಲಿದ್ದಾರೆ, ನಾನಲ್ಲದೆ ಇಲ್ಲಿ ಯಾರೂ ಇಲ್ಲ. ಅವರಿಗೆ ಏನೂ ಹೇಳಿಲ್ಲ. ಮಧ್ಯಾಹ್ನ ಕಣ್ಣು ಬಿಟ್ಟು ‘ಪುಷ್ಪಾ ಬಂದ್ಲಾ’ ಅಂದರು. ಮಳೆ ಜೋರಾಗಿದೆ, ರಸ್ತೆ ಸರಿಯಿಲ್ಲ ಅಂದೆ.

ಅವಳ ಬಳಿ ಫೋನಿತ್ತಲ್ಲವೇ? ಊರಿನ ಟವರು ಕೆಟ್ಟಿದ್ದರೂ ದೂರದ ಇನ್ನೊಂದು ಟವರಿಗೆ ಅವಳ ಫೋನು ಸಿಕ್ಕಿರಬಹುದು. ಅವಳ ನಂಬರು ಎಲ್ಲಿ ಕಾಣಿಸಿಕೊಂಡಿತ್ತೆಂದು ಕಂಪನಿಯಿಂದ ತರಿಸಿ ಅಂತ ಠಾಣೆಯಲ್ಲಿ ಕೂತು ಒತ್ತಾಯ ಮಾಡು. ಲೈನ್ ಮನೆಗಳಿಂದ ನಿಮ್ಮ ಮನೆಗೆ ಬರುವ ಕಾಲುದಾರಿಯ ಎರಡೂ ಬದಿ ನೋಡಿದಿರಾ? ಹಳ್ಳ ಉಕ್ಕಿದೆಯೇ? ಎಲ್ಲ ಬಿಡಿಸಿ ಬರಿ.

ನೇತ್ರಾವತಿ


ಹೊಂಗಡಹಳ್ಳ
17 ಜುಲೈ

ಅಕ್ಕನವರಿಗೆ,

ಠಾಣೆಯಿಂದ ವರದಿ ಬಂತು. ನಕಲು ಇಟ್ಟಿದ್ದೇನೆ, ನೋಡಿಕೊಳ್ಳಿ. ಸೋಮವಾರ ಮಧ್ಯಾಹ್ನ ಮೂರೂವರೆಯಿಂದ ನಾಲ್ಕು ದಾಟುವವರೆಗೆ ಅವಳ ಫೋನು ವನಗೂರು ಕಡೆಯ ಟವರಿಗೆ ಸಿಕ್ಕಿದೆ. ಆ ಹೊತ್ತಿಗೆ ಅವಳಿದ್ದ ಜಾಗ ಬಿಸಿಲೆ ರಸ್ತೆಯ ದೊಡ್ಡ ತಿರುವು ಎಂದು ತೋರಿಸುತ್ತದೆ. ಲೈನ್ ಮನೆಗಳಿಗೂ ಆ ತಿರುವಿಗೂ ಸಂಬಂಧವೇ ಇಲ್ಲ. ಸುಬ್ರಹ್ಮಣ್ಯದ ಬಸ್ಸು ಅಲ್ಲಿ ಹಾಯುವುದು ನಾಲ್ಕೂಕಾಲಿಗೆ. ಅದಾದ ಮೇಲೆ ಫೋನು ಆಫ್.

ಎಸ್ಟೇಟ್ ಸ್ಟೋರಿನಲ್ಲಿ ಚಂದನ್ ಎಂಬ ಹುಡುಗ ಲೆಕ್ಕ ಬರೆಯುತ್ತಿದ್ದ. ಅವನೂ ಸೋಮವಾರವೇ ರಜೆ ಹಾಕಿ ಹೋಗಿದ್ದಾನೆ. ಯಾವ ಊರಿಗೆ ಹೋದನೋ ಸರಿಯಾಗಿ ಗೊತ್ತಿರುವವರಿಲ್ಲ. ಇದರ ಮೇಲೆ ನಾನು ಬಿಡಿಸಿ ಬರೆಯುವುದಿಲ್ಲ. ಠಾಣೆಯ ಸಾಹೇಬರು ನನ್ನ ಹೆಗಲ ಮೇಲೆ ಕೈಯಿಟ್ಟು, ‘ಅವರೇನು ಚಿಕ್ಕ ಮಗುವಲ್ಲ, ಮನಸು ಬಂದಾಗ ಬರ್ತಾರೆ, ನೀವು ಧೈರ್ಯವಾಗಿರಿ’ ಅಂದರು. ಹೊರಗೆ ಕೂತಿದ್ದವರೆಲ್ಲ ಕೇಳಿಸಿಕೊಂಡು ನಕ್ಕರು.

ಇನ್ನು ಹುಡುಕುವುದೇನೂ ಉಳಿದಿಲ್ಲ ಅಕ್ಕ. ಮಾವನವರ ಆರೋಗ್ಯ ನೋಡಿಕೊಳ್ಳಿ.

ಸಿದ್ದು


ಹಾಸನ
17 ಜುಲೈ, ಸಂಜೆ

ಸಿದ್ದು,

ನಿನ್ನ ಕೈ ಹಿಡಿದು ಕೇಳಿಕೊಳ್ಳುತ್ತೇನೆ, ಹುಡುಕುವುದನ್ನು ನಿಲ್ಲಿಸಬೇಡ. ಆ ವರದಿ ಹೇಳುವುದು ಅವಳಿದ್ದ ಜಾಗವನ್ನಲ್ಲ.

ನಾನು ಕಾಲೇಜಿನಲ್ಲಿ ಏನು ಪಾಠ ಮಾಡುತ್ತೇನೆಂದು ನಿಮ್ಮ ಮದುವೆಯಲ್ಲಿ ನೀನು ಒಮ್ಮೆ ಕೇಳಿದ್ದೆ. ಇದನ್ನೇ. ಟವರಿಗೆ ಕಣ್ಣಿಲ್ಲ. ನಮ್ಮ ಫೋನು ಮಾತಿನ ಜೊತೆಗೆ ಒಂದು ಗುರುತಿನ ಸಂಕೇತವನ್ನೂ ಕಳಿಸುತ್ತಿರುತ್ತದೆ. ಆ ಸಂಕೇತ ಹೇಗಿರಬೇಕೆಂದು ಟವರಿಗೆ ಮೊದಲೇ ಗೊತ್ತು. ಹೇಗಿರಬೇಕಿತ್ತು, ಹೇಗೆ ಬಂತು ಎಂದು ಹೋಲಿಸಿ, ನಡುವಿನ ದಾರಿಯಲ್ಲಿ ಅದಕ್ಕೆ ಏನೇನಾಯಿತು ಎಂದು ಟವರು ಅಂದಾಜು ಮಾಡುತ್ತದೆ. ಎಷ್ಟು ತಡವಾಯಿತು, ಎಷ್ಟು ಸೊರಗಿತು, ಎಷ್ಟು ಸೀಳಾಗಿ ಬಂತು ಎಂದೆಲ್ಲ. ನಾವು ಅದನ್ನು ಚಾನೆಲ್ ಅಂದಾಜು ಅನ್ನುತ್ತೇವೆ. ಬಯಲು ಸೀಮೆಯಲ್ಲಿ ಅದರಿಂದ ಜಾಗ ಹೇಳಿದರೆ ಹೆಚ್ಚು ತಪ್ಪಾಗುವುದಿಲ್ಲ. ನಿಮ್ಮ ಗುಡ್ಡಗಳಲ್ಲಿ ನೇರ ದಾರಿಗೆ ಒಂದು ಗುಡ್ಡ ಅಡ್ಡ ನಿಂತರೆ, ಎದುರಿನ ಬಂಡೆಗೆ ಬಡಿದು ಸುತ್ತಿ ಬಂದ ಸಂಕೇತವೇ ಜೋರಾಗಿ ಕೇಳಿಸುತ್ತದೆ. ಟವರು ಅದನ್ನೇ ನಂಬಿ, ಬಂಡೆ ಇರುವ ದಿಕ್ಕಿಗೆ, ಇಲ್ಲದ ದೂರದಲ್ಲಿ ಅವಳನ್ನು ನಿಲ್ಲಿಸಿಬಿಡುತ್ತದೆ. ಬಿಸಿಲೆ ರಸ್ತೆಯ ತಿರುವಿನ ಮೇಲೆ ದೊಡ್ಡ ಬಂಡೆಯಿದೆ ಅಲ್ಲವೇ?

ನನಗೆ ಅದರ ಪೂರ್ತಿ ಅಳತೆಗಳು ಬೇಕು. ನನ್ನ ವಿದ್ಯಾರ್ಥಿನಿಯಾಗಿದ್ದ ಕೃತಿಕಾ ಈಗ ಆ ಕಂಪನಿಯಲ್ಲೇ ಇದ್ದಾಳೆ. ಠಾಣೆಯ ಮೂಲಕ ಕೇಳಿದರೆ ಒಂದೇ ದಿನದಲ್ಲಿ ತೆಗೆದುಕೊಡುತ್ತೇನೆ ಎಂದಿದ್ದಾಳೆ. ಠಾಣೆಯ ಲ್ಯಾಂಡ್‌ಲೈನ್ ಸಿಕ್ಕಿತು, ನಾನೇ ಮಾತಾಡಿದೆ. ದೂರು ಕೊಟ್ಟ ಗಂಡನೇ ಬರೆದುಕೊಡಬೇಕು ಎಂದರು. ಅರ್ಜಿ ನಾನೇ ಬರೆದು ಇದರೊಳಗೆ ಇಟ್ಟಿದ್ದೇನೆ. ಸಹಿ ಹಾಕಿ ನಾಳೆ ಬೆಳಿಗ್ಗೆಯೇ ತಲುಪಿಸು.

ಆ ಹುಡುಗನ ವಿಷಯ ನನಗೆ ಗೊತ್ತಿಲ್ಲ. ನನ್ನ ತಂಗಿ ಗೊತ್ತು.

ನೇತ್ರಾವತಿ


ಹಾಸನ
18 ಜುಲೈ, ಸಂಜೆ

ಸಿದ್ದು,

ಬೆಳಗಿನಿಂದ ಬಂದ ಒಂದೊಂದು ಬಸ್ಸಿಗೂ ನಿಲ್ದಾಣಕ್ಕೆ ಹೋಗಿ ಕೇಳಿದೆ. ನಿನ್ನದೇನೂ ಇಲ್ಲ. ಕಾಗದವನ್ನು ನಿಮ್ಮವ್ವನ ಕೈಗೇ ಕೊಟ್ಟೆ ಎಂದು ಕಂಡಕ್ಟರ್ ಆಣೆಯಿಟ್ಟು ಹೇಳುತ್ತಾರೆ. ಠಾಣೆಯವರು ಅರ್ಜಿ ಬಂದಿಲ್ಲ ಎನ್ನುತ್ತಾರೆ. ನಡುವೆ ಏನಾಗಿದೆ?

ನಿನಗೆ ಸಿಟ್ಟಿರಬಹುದು, ನಾಚಿಕೆಯಿರಬಹುದು. ಅವಳು ಸಿಕ್ಕ ಮೇಲೆ ಬೇಕಾದರೆ ಜನ್ಮವಿಡೀ ಸಿಟ್ಟು ಮಾಡು. ಅವಳು ಎಲ್ಲೋ ಬಿದ್ದಿದ್ದರೆ ಇದು ಐದನೆಯ ದಿನ. ಒಂದು ಸಹಿಗಾಗಿ ನಾನು ನಿನ್ನ ಕಾಲಿಗೂ ಬೀಳುತ್ತೇನೆ.

ಇವತ್ತು ಅಪ್ಪನನ್ನು ವಾರ್ಡಿಗೆ ಹಾಕಿದರು. ಪಕ್ಕದ ಮಂಚದವರ ಮಗಳು ಬಂದರೂ ಪುಷ್ಪಾ ಎಂದುಕೊಂಡು ಬಾಗಿಲ ಕಡೆ ತಿರುಗುತ್ತಾರೆ.

ನೇತ್ರಾವತಿ


ಹೊಂಗಡಹಳ್ಳ
19 ಜುಲೈ

ಅಕ್ಕನವರಿಗೆ,

ಸಹಿ ಹಾಕಿದೆ. ಬೆಳಿಗ್ಗೆ ಏಳಕ್ಕೇ ಹೋಗಿ ಠಾಣೆಯಲ್ಲಿ ಕೊಟ್ಟು, ಅವರು ಕಂಪನಿಗೆ ಕಳಿಸುವವರೆಗೂ ಅಲ್ಲೇ ನಿಂತಿದ್ದು ಬಂದೆ.

ನಿಮ್ಮ ಕಾಗದ ಗುರುವಾರ ರಾತ್ರಿಯೇ ತಲುಪಿತ್ತು. ಓದಿ ಮಡಿಸಿ ಇಟ್ಟೆ. ಮತ್ತೊಮ್ಮೆ ಅವಳ ಹೆಸರು ಠಾಣೆಯಲ್ಲಿ ಹೇಳಿ, ಮತ್ತೊಮ್ಮೆ ಆ ನಗು ನೋಡುವುದು ನನ್ನಿಂದ ಆಗಲಿಲ್ಲ. ಎಲ್ಲ ಕಡೆ ಹುಡುಕಿದೆವು ಎಂದು ಬರೆದಿದ್ದೆನಲ್ಲ, ಅದು ಸುಳ್ಳು. ಬಸ್ ಸ್ಟಾಪಿನಲ್ಲಿ ಕೇಳಿದೆ, ನಾಲ್ಕು ಮನೆಯಲ್ಲಿ ಕೇಳಿದೆ. ಕಾಡಿಗೆ ಇಳಿಯಲೇ ಇಲ್ಲ. ಯಾಕೆಂದರೆ ಭಾನುವಾರ ನಮಗೆ ಜಗಳವಾಗಿತ್ತು. ಲೈನಿನಲ್ಲಿ ಯಾವುದೋ ಮಗುವಿಗೆ ಜ್ವರ ಎಂದು ಆ ಚಂದನ್ ಫೋನ್ ಮಾಡಿದ್ದ. ನಾನು ಅವಳ ಕೈಯಿಂದ ಫೋನು ಕಿತ್ತು ಮಂಚದ ಮೇಲೆಸೆದು, ‘ಅವನ ಮನೆಗೇ ಹೋಗು, ವಾಪಸ್ ಬರ್ಬೇಡ’ ಅಂದುಬಿಟ್ಟೆ. ಮಾರನೆಯ ದಿನ ಅವಳು ಬರಲಿಲ್ಲ. ಹೇಳಿದಂತೆ ಮಾಡಿದಳು ಎಂದುಕೊಂಡೆ.

ನಿನ್ನೆ ನಿಮ್ಮ ಎರಡನೆಯ ಕಾಗದವನ್ನು ಅವ್ವ ಪಕ್ಕದ ಮನೆಯವರಿಂದ ಓದಿಸಿಕೊಂಡಳು. ನನಗೂ ಅವಳಿಗೂ ಇದುವರೆಗೆ ಗಟ್ಟಿ ಮಾತು ನಡೆದದ್ದಿಲ್ಲ. ನಮ್ಮವ್ವ ಗುರುಶಾಂತಮ್ಮ ಸೊಸೆಯನ್ನು ಬೈಯುವುದನ್ನು ಮಾತ್ರ ಊರು ಕೇಳಿದೆ. ಅವಳು ಒಲೆ ಮುಂದೆ ಕೂತಲ್ಲಿಂದ ಏಳದೆ ಹೇಳಿದಳು: ‘ಓಡೋಗೋಳು ನಿನ್ನ ಮಧ್ಯಾಹ್ನದ ಬುತ್ತಿ ಕಟ್ಟಿಟ್ಟು ಹೋಗ್ತಾಳೇನೋ? ನೀನು ಹೋಗ್ದಿದ್ರೆ ಹೇಳ್ಬುಡು, ನಾನೇ ಕೋಲು ಊರ್ಕೊಂಡು ಹೋಯ್ತೀನಿ.’

ಚಂದನ್ ವಿಷಯವೂ ತಿಳಿಯಿತು. ಅವನ ತಂಗಿಗೆ ಆಲೂರಿನಲ್ಲಿ ನಿಶ್ಚಿತಾರ್ಥ, ಅಲ್ಲೇ ಇದ್ದಾನೆ. ಎಸ್ಟೇಟಿನಲ್ಲಿ ಆಳುಗಳ ಕೆಲಸ ನೋಡುವ ರೈಟರ್ ರಂಗಸ್ವಾಮಿಯವರು ಕಣ್ಣಾರೆ ನೋಡಿ ಬಂದು ಹೇಳಿದರು.

ಬೇಗ ಹೇಳಿ ಅಕ್ಕ, ಎಲ್ಲಿಗೆ ಹೋಗಲಿ?

ಸಿದ್ದು


ಹಾಸನ
19 ಜುಲೈ, ಸಂಜೆ

ಸಿದ್ದು,

ನಿನ್ನ ಮೇಲೆ ಏನು ಬರೆಯಬೇಕೋ ಅದನ್ನು ಬರೆಯಲು ಈಗ ಹೊತ್ತಿಲ್ಲ.

ಕೃತಿಕಾ ಮಧ್ಯಾಹ್ನವೇ ಠಾಣೆಗೆ ಅಳತೆಗಳನ್ನು ಕಳಿಸಿದಳು. ಠಾಣೆಯವರು ನನಗೆ ಕಳಿಸಿದರು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ನೋಡಿದೆ. ಮೊದಲನೆಯದು, ಅವಳು ಬಸ್ಸಿನಲ್ಲಿರಲಿಲ್ಲ. ಫೋನು ಚಲಿಸಿದರೆ ಆ ಅಂದಾಜು ಕ್ಷಣಕ್ಷಣಕ್ಕೂ ಅಲುಗಾಡುತ್ತದೆ. ಇದು ಅಷ್ಟೂ ಹೊತ್ತು ಹೆಚ್ಚುಕಡಿಮೆ ಹಾಗೆಯೇ ಇದೆ. ಎರಡನೆಯದು, ಆ ಹೊತ್ತಿನಲ್ಲಿ ಫೋನು ಮತ್ತೆ ಮತ್ತೆ ಕರೆ ಮಾಡಿದೆ. ಪ್ರತಿ ಸಲವೂ ಟವರಿಗೆ ಸಿಕ್ಕಿ, ಮಾತು ಕೂಡುವ ಮುಂಚೆ ಕಡಿದುಹೋಗಿದೆ. ಎಲ್ಲವೂ ಒಂದೇ ನಂಬರಿಗೆ, ನಿನ್ನ ನಂಬರಿಗೆ.

ಮೂರನೆಯದು, ಜೋರಾಗಿ ಬಂದ ಸಂಕೇತಕ್ಕಿಂತ ಮುಂಚೆ ಬಹಳ ಕ್ಷೀಣವಾದ ಇನ್ನೊಂದು ಬಂದಿದೆ. ಯಂತ್ರ ಅದನ್ನು ಬರೀ ಗದ್ದಲವೆಂದು ಬದಿಗಿಟ್ಟಿತ್ತು. ಅದೇ ಗುಡ್ಡದ ನೆತ್ತಿ ಸವರಿಕೊಂಡು ಅವಳಿಂದ ಬಂದದ್ದು. ಅದರ ಪ್ರಕಾರ ಅವಳು ವರದಿ ಹೇಳಿದ್ದಕ್ಕಿಂತ ಟವರಿಗೆ ಹತ್ತಿರದಲ್ಲಿದ್ದಳು. ಬಿಸಿಲೆ ರಸ್ತೆಯ ಬಂಡೆಗೆ ಬಡಿದು ಬಂದದ್ದು ಇನ್ನೊಂದು. ಎರಡನ್ನೂ ನಕಾಶೆಯ ಮೇಲೆ ಕೂಡಿಸಿದರೆ ಲೈನ್ ಮನೆಗಳ ಪಶ್ಚಿಮಕ್ಕೆ, ಹಾಳುಬಿದ್ದ ಏಲಕ್ಕಿ ಮಲೆಯ ಕೆಳಗಿನ ಹಳ್ಳ ಬರುತ್ತದೆ. ನಕಾಶೆಯಲ್ಲಿ ಗುರುತು ಮಾಡಿ ಇಟ್ಟಿದ್ದೇನೆ.

ಠಾಣೆಗೂ ಹೇಳಿದೆ. ಅವರ ಜನವೆಲ್ಲ ಘಾಟಿಯ ಕುಸಿತದ ಕಡೆ ಇದ್ದಾರಂತೆ, ಸೋಮವಾರದ ಮಾತು ಹೇಳಿದರು. ಅಷ್ಟು ಹೊತ್ತು ಕಾಯಬೇಡ. ಅವಳು ಅಲ್ಲೇ ಇದ್ದಾಳೆ, ನನಗೆ ಸಂಶಯವಿಲ್ಲ.

ನೇತ್ರಾವತಿ


ಹೊಂಗಡಹಳ್ಳ
20 ಜುಲೈ

ಅಕ್ಕನವರಿಗೆ,

ಇಲ್ಲ ಅಕ್ಕ. ಅಲ್ಲಿ ಇಲ್ಲ.

ರಂಗಸ್ವಾಮಿಯವರು ಆಳುಗಳನ್ನು ಕೊಟ್ಟರು. ಕಾವಲು ಕೆಲಸದ ಕುಳ್ಳಯ್ಯ ಮುಂದೆ ನಿಂತು ದಾರಿ ಕಡಿದ. ಜಿಗಣೆ ಕಿತ್ತು ಹಾಕಲೂ ನಿಲ್ಲದೆ ಹಳ್ಳದ ಎರಡೂ ದಡ ಜಾಲಾಡಿದೆವು. ಕೂಗಿದರೆ ನಮ್ಮ ದನಿ ನಮಗೇ ಕೇಳುತ್ತಿರಲಿಲ್ಲ, ನೀರು ಅಷ್ಟು ಅಬ್ಬರಿಸುತ್ತಿದೆ. ಅವಳ ಚಪ್ಪಲಿ, ಕೊಡೆ, ಚೀಲ, ಒಂದೂ ಇಲ್ಲ. ಸಂಜೆಗೆ ಆಳುಗಳು ಒಬ್ಬೊಬ್ಬರೇ ಹಿಂದೆ ಉಳಿದರು. ಹಾಸನದಲ್ಲಿ ಕೂತವರಿಗೆ ಕಾಡು ಹೇಗೆ ಕಾಣುತ್ತೆ ಎಂದು ಒಬ್ಬ ಗೊಣಗಿದ. ನನಗೂ ಹಾಗೇ ಅನ್ನಿಸಿತು, ಬರೆದುಬಿಡುತ್ತೇನೆ. ಸಂಶಯವಿಲ್ಲ ಎಂದು ನೀವು ಹೇಗೆ ಬರೆದಿರಿ? ಆ ಕರೆಗಳೆಲ್ಲ ನನಗೇ ಎಂದು ಓದಿದಾಗಿನಿಂದ ನನಗೆ ಅನ್ನ ಇಳಿಯುತ್ತಿಲ್ಲ.

ಕಾಲುದಾರಿಯಲ್ಲಿ ಹೋಗೋಣವೆಂದರೆ ಅದು ನಡುವೆ ಇಲ್ಲವೇ ಇಲ್ಲ. ಸೋಮವಾರ ಮಧ್ಯಾಹ್ನವೇ ನಮ್ಮ ಎದುರಿನ ಗುಡ್ಡ ನೆತ್ತಿಯಿಂದ ಬುಡದವರೆಗೆ ಜರಿದಿದೆಯಂತೆ, ಮಳೆಯ ಮಂಜಿಗೆ ಊರಿನಿಂದ ಕಂಡಿರಲಿಲ್ಲ. ಮರ, ಮಣ್ಣು ಎಲ್ಲ ಹೋಗಿ ಒಳಗಿನ ಕಲ್ಲು ಗೋಡೆಯಂತೆ ಬೋಳಾಗಿ ನಿಂತಿದೆ. ಅದಕ್ಕೇ ಸುತ್ತು ಹಾಕಿ ಇಳಿಯಬೇಕಾಯಿತು, ಅರ್ಧ ದಿನ ಅದರಲ್ಲೇ ಹೋಯಿತು.

ನಾಳೆ ಯಾರನ್ನು ಕರೆಯಲಿ, ಎಲ್ಲಿಗೆಂದು ಕರೆಯಲಿ?

ಸಿದ್ದು


ಹಾಸನ
21 ಜುಲೈ, ಬೆಳಗಿನ ಮೊದಲ ಬಸ್ಸಿಗೆ

ಸಿದ್ದು,

ಜರಿದ ಗುಡ್ಡದ ವಿಷಯ ಇದುವರೆಗೆ ಯಾರೂ ನನಗೆ ಹೇಳಿರಲಿಲ್ಲ. ನನ್ನ ಬಳಿಯಿದ್ದ ನಕಾಶೆಯಲ್ಲಿ ಅಲ್ಲಿ ದಟ್ಟ ಕಾಡಿದೆ. ಸಂಕೇತ ಮರಗಳ ನಡುವೆ ಚದುರಿ ಸೊರಗುತ್ತದೆ, ಬೋಳು ಒದ್ದೆ ಕಲ್ಲಿಗೆ ಬಡಿದರೆ ಜೋರಾಗಿ ಹಿಂದಿರುಗುತ್ತದೆ. ಅದು ಬಡಿದು ಬಂದದ್ದು ಬಿಸಿಲೆ ರಸ್ತೆಯ ಬಂಡೆಗಲ್ಲ, ನಿಮ್ಮ ಎದುರಿನ ಗುಡ್ಡಕ್ಕೆ. ಟವರಿನಿಂದ ನೋಡಿದರೆ ಎರಡೂ ಒಂದೇ ದಿಕ್ಕಿನಲ್ಲಿವೆ, ನಾನು ದೂರದ್ದನ್ನು ಹಿಡಿದೆ. ಟವರಿಗೂ ಅವಳಿಗೂ ಇರುವ ದೂರ ಬದಲಾಗಿಲ್ಲ. ಜಾಗ ಬದಲಾಗಿದೆ. ನೀವು ಇಳಿದ ಹಳ್ಳವಲ್ಲ, ಅದರ ಹಿಂದಿನದು. ನಿಮ್ಮ ಊರ ರಸ್ತೆಯ ಕೆಳಗೇ ಇರುವ ಕಮರಿ.

ಈಗ ಒಂದು ನಿಜ ಹೇಳಬೇಕು. ಸಂಶಯವಿಲ್ಲ ಎಂದು ಬರೆದಾಗ ನನಗೆ ಸಂಶಯವಿತ್ತು. ಅಲುಗಾಡದ ಫೋನು ಎಂದರೆ ಅಲುಗಾಡದ ಮನುಷ್ಯರು ಎಂದೂ ಆಗಬಹುದು. ಕರೆಗಳನ್ನು ಅವಳು ಮಾಡಿದ್ದಾಳೆ, ಅಷ್ಟು ಹೊತ್ತು ಬದುಕಿದ್ದಳು, ಅದರಾಚೆ ನನಗೇನೂ ಗೊತ್ತಿಲ್ಲ. ಗೊತ್ತಿಲ್ಲ ಎಂದು ಬರೆದರೆ ನೀನು ಹೊರಡುವುದಿಲ್ಲವೇನೋ ಎಂದು ಹೆದರಿದೆ. ಈಗಲೂ ಗೊತ್ತಿಲ್ಲ. ಈ ಅಂದಾಜೂ ತಪ್ಪಾದರೆ ಮುಂದಿನದು ನನ್ನ ಬಳಿ ಇಲ್ಲ.

ಆದರೂ ಹೋಗು. ಯಾರೂ ಬರದಿದ್ದರೆ ಒಬ್ಬನೇ ಹೋಗು.

ನೇತ್ರಾವತಿ


ಹೊಂಗಡಹಳ್ಳ
21 ಜುಲೈ, ಸಂಜೆ

ಅಕ್ಕನವರಿಗೆ,

ಪುಷ್ಪಾ ಸಿಕ್ಕಿದಳು. ಜೀವ ಇದೆ.

ಈ ಕಾಗದವನ್ನು ಆಂಬುಲೆನ್ಸಿನಲ್ಲಿ ಅವಳ ಜೊತೆ ಬರುತ್ತಿರುವ ಅವ್ವನ ಕೈಯಲ್ಲಿ ಕಳಿಸುತ್ತಿದ್ದೇನೆ. ನೀವು ಇದನ್ನು ಓದುವ ಹೊತ್ತಿಗೆ ಅವಳು ನಿಮ್ಮ ಎದುರಿಗೇ ಇರುತ್ತಾಳೆ.

ನಿಮ್ಮ ಕಾಗದ ಬಂದಾಗ ಹನ್ನೊಂದು ದಾಟಿತ್ತು. ಕುಳ್ಳಯ್ಯ ಒಬ್ಬ ಬಂದ. ರಸ್ತೆಯ ಮರಕ್ಕೆ ಹಗ್ಗ ಕಟ್ಟಿ ಇಳಿದೆವು. ಕಮರಿಯ ಬುಡದಲ್ಲಿ ಹಿಂದೆ ಏಲಕ್ಕಿ ಕಾವಲಿಗೆ ಹಾಕಿದ್ದ ಜೋಪಡಿಯೊಂದಿದೆ, ಎರಡು ಶೀಟು ಉಳಿದಿವೆ. ಅದರ ಕೆಳಗಿದ್ದಳು. ಗುಡ್ಡ ಜರಿದಾಗ ಕಾಲುದಾರಿಯ ಸಮೇತ ಅವಳನ್ನು ಎಳೆದುಕೊಂಡು ಹೋಗಿದೆ. ಬಲಗಾಲು ಮೊಣಕಾಲ ಕೆಳಗೆ ಮುರಿದಿದೆ. ತೆವಳಿಕೊಂಡು ಶೀಟಿನ ಕೆಳಗೆ ಸೇರಿದ್ದಾಳೆ. ಭೇದಿಯಾದ ಮಕ್ಕಳಿಗೆ ಕೊಡುವ ಓಆರ್‌ಎಸ್ ಪುಡಿ ಅವಳ ಚೀಲದಲ್ಲಿತ್ತು. ಶೀಟಿನಿಂದ ಸುರಿಯುವ ನೀರಿಗೆ ಅದನ್ನು ಹಾಕಿಕೊಂಡು ಕುಡಿದು ಇಷ್ಟು ದಿನ ಜೀವ ಹಿಡಿದಿದ್ದಾಳೆ. ನಾನು ಮುಟ್ಟಿದಾಗ ಮೈ ಕಲ್ಲಿನ ಹಾಗೆ ತಣ್ಣಗಿತ್ತು. ಆಮೇಲೆ ಕಣ್ಣು ತೆರೆದಳು.

ಆಂಬುಲೆನ್ಸಿನ ಜೊತೆ ಬಂದ ಡಾಕ್ಟರು ಕಾಲಿನ ಬಗ್ಗೆ ಭರವಸೆ ಕೊಡಲಿಲ್ಲ. ನಂಜೇರಿದೆಯಂತೆ.

ನಾನು ಆಂಬುಲೆನ್ಸ್ ಹತ್ತಲಿಲ್ಲ. ಯಾಕೆ ಎಂದು ನಿಮಗೆ ಮಾತ್ರ ಹೇಳುತ್ತೇನೆ. ಬೊಂಬಿಗೆ ಕಂಬಳಿ ಕಟ್ಟಿ ಮೇಲಕ್ಕೆ ಹೊತ್ತು ತರುವಾಗ ಅವಳು ಕೇಳಿದಳು, ‘ಯಾವತ್ತಿಂದ ಹುಡುಕ್ತಿದ್ರಿ?’ ನಾನು ‘ಅವತ್ತಿಂದ್ಲೇ ಕಣೆ’ ಅಂದೆ. ಅವಳು ಮುಖ ಆ ಕಡೆ ಮಾಡಿಕೊಂಡಳು. ನೋವಿಗೆ ಇರಬೇಕು.

ಈ ಮಾತು ಹಾಗೇ ಇರಲಿ ಅಕ್ಕ. ನಿಮಗೆ ಎಲ್ಲ ಗೊತ್ತು, ನನ್ನ ಕಾಗದಗಳೂ ನಿಮ್ಮ ಹತ್ತಿರವೇ ಇವೆ. ಅವುಗಳನ್ನು ಒಲೆಗೆ ಹಾಕಿಬಿಡಿ. ಅವಳು ಹುಷಾರಾಗಲಿ, ಆಮೇಲೆ ಯಾವತ್ತಾದರೂ ನಾನೇ ಹೇಳುತ್ತೇನೆ.

ಸಿದ್ದು


ಹಾಸನ
24 ಜುಲೈ

ಸಿದ್ದು,

ಕಾಲು ಉಳಿಯಲಿಲ್ಲ. ನಿನ್ನೆ ಮೊಣಕಾಲ ಕೆಳಗೆ ತೆಗೆದರು. ಜೀವಕ್ಕೆ ಇನ್ನು ಭಯವಿಲ್ಲ ಎಂದಿದ್ದಾರೆ. ಅಪ್ಪನಿಗೆ ಹೇಳಿದೆ. ಗಾಲಿಕುರ್ಚಿಯಲ್ಲಿ ಕರೆದುಕೊಂಡು ಹೋದಾಗ ಅವಳ ತಲೆಯ ಮೇಲೆ ಕೈಯಿಟ್ಟು ಕೂದಲು ನೇವರಿಸಿದರು. ನಿಮ್ಮವ್ವ ಮಂಚದ ಪಕ್ಕ ಬಿಟ್ಟು ಕದಲುವುದಿಲ್ಲ.

ಕಾಗದ ಸುಡುವ ಮಾತು ಬಿಡು. ನಾನು ಅವಳಿಗೆ ಏನೂ ಹೇಳಲಿಲ್ಲ, ತೋರಿಸಲೂ ಇಲ್ಲ. ಅವಳೇ ಹೇಳಿದಳು. ಇವತ್ತು ಬೆಳಿಗ್ಗೆ ತಲೆ ಬಾಚುತ್ತಿದ್ದೆ. ಅಷ್ಟು ದಿನ ಒಬ್ಬಳೇ ಹೇಗಿದ್ದೆಯೇ ಎಂದು ಕೇಳಿದೆ. ಅವಳ ಮಾತನ್ನೇ ಬರೆಯುತ್ತೇನೆ.

‘ನೀರಿನ ಸದ್ದು ಬಿಟ್ರೆ ಅಲ್ಲಿ ಇನ್ನೊಂದೇ ಸದ್ದು ಕೇಳ್ತಿದ್ದಿದ್ದು ಅಕ್ಕ. ಮೇಲ್ಗಡೆ ರಸ್ತೇಲಿ ಇವರ ಜೀಪಿನ ಹಾರ್ನು. ಮಂಗಳವಾರಾನೂ ಹೋಯ್ತು, ಬುಧವಾರಾನೂ ಹೋಯ್ತು. ದಿನದ ಹಾಗೇ ಬೆಳಿಗ್ಗೆ ಆಳುಗಳ್ನ ಕೆಲ್ಸಕ್ಕೆ ಕರ್ಕೊಂಡು ಹೋಗೋದು, ಸಾಯಂಕಾಲ ವಾಪಸ್ ಬರೋದು. ಆ ತಿರುವಲ್ಲಿ ಹೊಡೀತಾರಲ್ಲ, ಅದೇ. ಮೊದಲ್ನೇ ದಿನ ಕೂಗಿ ಕೂಗಿ ಗಂಟ್ಲು ಕಟ್ಟೋಯ್ತು. ಆಮೇಲಾಮೇಲೆ ಹಾರ್ನು ಕೇಳಿದ್ರೆ ಕಿವಿ ಮುಚ್ಕೊಂತಿದ್ದೆ.’

ಅಷ್ಟು ಹೇಳಿ, ಬಾಚಣಿಗೆ ನನ್ನ ಕೈಯಿಂದ ತೆಗೆದುಕೊಂಡು ತಾನೇ ಬಾಚಿಕೊಂಡಳು.

ಅವಳು ಅತ್ತಿಲ್ಲ, ನಿನ್ನನ್ನು ಬೈದಿಲ್ಲ. ನೀನು ಯಾಕೆ ಬಂದಿಲ್ಲ ಎಂದೂ ಕೇಳಿಲ್ಲ. ಕರೆಸು ಎಂದೂ ಹೇಳಿಲ್ಲ.

ಬಾ ಎಂದು ಬರೆಯುತ್ತಿರುವವಳು ನಾನು. ನಾಳೆಯ ಮೊದಲ ಬಸ್ಸಿಗೆ ಬಾ. ಬರುವಾಗ ಹೇಳಲು ಏನನ್ನೂ ಸಿದ್ಧ ಮಾಡಿಕೊಂಡು ಬರಬೇಡ. ಬಂದು ಅವಳ ಎದುರು ಕೂತುಕೋ, ಅವಳು ಯಾವತ್ತು ಮಾತಾಡುತ್ತಾಳೋ ಅಲ್ಲಿಯವರೆಗೆ.

ನೇತ್ರಾವತಿ